ಗಾಲ್ಫ್ ಆಡುವವರಿಗೆ ಅದರ ಹುಚ್ಚು ಯಾಕೆ ಹಿಡಿಯುತ್ತದೆ?

ಜಂಗಮಕೋಟೆಯಿಂದ ನಮ್ಮ ಸೋದರಮಾವನ ಬೈಕಿನಲ್ಲಿ ನಂದಿಬೆಟ್ಟದ ಕಡೆ ಹೊರಟಿದ್ದೆ. ತಪ್ಪಲಿನಲ್ಲಿ ಒಂದು ಕಡೆ ಬೇಲಿಯಾಚೆ ಗಾಲ್ಫ್ ಮೈದಾನ ಕಾಣಿಸಿತು. ಏಪ್ರಿಲ್ ತಿಂಗಳು, ಸುತ್ತಲೂ ಒಣಗಿದ ಹೊಲ, ಅಲ್ಲಿ ಮಾತ್ರ ಬಣ್ಣ ಬಳಿದ ಹಾಗೆ ಹಸಿರು. ಮಾವ ಬೈಕ್ ನಿಲ್ಲಿಸಿ ಎರಡು ನಿಮಿಷ ನೋಡಿದರು. ಅವರು ಹಿಪ್ಪುನೇರಳೆ ಬೆಳೆದು ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕುವವರು, ಎರಡು ಸೀಮೆಹಸು ಸಾಕಿದ್ದಾರೆ. "ಇಷ್ಟೊಂದು ಹುಲ್ಲಿದೆ, ಒಂದು ಹಸೂನೂ ಬಿಟ್ಟಿಲ್ವಲ್ಲಮ್ಮಾ" ಅಂದರು. ಆಮೇಲೆ ದೂರದಲ್ಲಿ ಕೋಲು ಬೀಸುತ್ತಿದ್ದವರನ್ನು ತೋರಿಸಿ, "ಅದರಲ್ಲಿ ಅಂಥದ್ದೇನಿದೆ? ಚೆಂಡು ಹೊಡೆಯೋದು, ಅದರ ಹಿಂದೆ ನಡೆಯೋದು, ಅಷ್ಟೇ ತಾನೇ?"

ನನ್ನ ಹತ್ತಿರ ಉತ್ತರವಿರಲಿಲ್ಲ. ನನಗೂ ಅಲ್ಲಿಯತನಕ ಗಾಲ್ಫ್ ಎಂದರೆ ದುಡ್ಡಿದ್ದವರು ದುಡ್ಡಿದ್ದವರನ್ನು ಭೇಟಿ ಮಾಡುವ ಜಾಗ ಎಂಬುದಷ್ಟೇ ಗೊತ್ತಿತ್ತು. ಮಾವನ ಪ್ರಶ್ನೆಯ ಬೆನ್ನು ಹತ್ತಿ ಓದುತ್ತಾ ಹೋದಾಗ ಗೊತ್ತಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಾಟ್ಸಾಪ್‌ನಲ್ಲಿ ಓಡಾಡುವ ಎರಡು ಕಥೆಗಳನ್ನು ಮುಗಿಸಿಬಿಡೋಣ. 'ಗಾಲ್ಫ್' ಎಂದರೆ 'ಜಂಟಲ್‌ಮೆನ್ ಓನ್ಲಿ, ಲೇಡೀಸ್ ಫರ್ಬಿಡನ್' ಎಂಬುದರ ಮೊದಲಕ್ಷರಗಳು ಅನ್ನುತ್ತಾರೆ. ಇದು ಸುಳ್ಳು. ಅದು ಸ್ಕಾಟ್ಲೆಂಡಿನ ಹಳೆಯ ಪದ; ಡಚ್ಚರ 'ಕೋಲ್ಫ್', ಅಂದರೆ ಕೋಲು, ಎಂಬುದರ ಸಂಬಂಧಿ ಇರಬೇಕು ಎಂಬುದು ಭಾಷಾತಜ್ಞರ ಊಹೆ. 1457ರಲ್ಲೇ ಸ್ಕಾಟ್ಲೆಂಡಿನ ಸಂಸತ್ತು ಗಾಲ್ಫ್ ಮತ್ತು ಫುಟ್‌ಬಾಲ್ ಎರಡನ್ನೂ ನಿಷೇಧಿಸಿತ್ತು. ಜನ ಬಿಲ್ಲುವಿದ್ಯೆ ಅಭ್ಯಾಸ ಬಿಟ್ಟು ಆಟಕ್ಕೆ ಹೋಗುತ್ತಾರೆ ಎಂಬ ಚಿಂತೆ! ಹುಚ್ಚು ಇವತ್ತಿನದಲ್ಲ ಎಂದಾಯಿತು. ಎರಡನೆಯದು, ಒಂದು ವಿಸ್ಕಿ ಬಾಟಲಿಯಲ್ಲಿ 18 ಪೆಗ್ ಇರುವುದರಿಂದ ಮೈದಾನಕ್ಕೆ 18 ಕುಳಿ ಎಂಬ ಕಥೆ. ಅದೂ ಕಟ್ಟುಕಥೆ. ಸೇಂಟ್ ಆಂಡ್ರ್ಯೂಸ್ ಮೈದಾನದಲ್ಲಿ ಒಂದು ಸುತ್ತಿಗೆ 22 ಕುಳಿ ಆಡುತ್ತಿದ್ದರು. 1764ರಲ್ಲಿ ಕೆಲವು ಚಿಕ್ಕ ಕುಳಿಗಳನ್ನು ಸೇರಿಸಿ 18ಕ್ಕೆ ಇಳಿಸಿದರು, ಕಾಲಕ್ರಮೇಣ ಉಳಿದವರೂ ಅದನ್ನೇ ಹಿಡಿದರು.

ಗೋಲಿ ಆಡಿದವರಿಗೆ ಅರ್ಧ ಗೊತ್ತು

ಗಾಲ್ಫ್ ಏನು ಎಂದು ಮಾವನಿಗೆ ವಿವರಿಸಲು ನನಗೆ ಸಿಕ್ಕ ಸುಲಭ ದಾರಿ ಗೋಲಿಯಾಟ. ನೆಲದಲ್ಲಿ ಹಿಮ್ಮಡಿಯಿಂದ ತಿರುಗಿಸಿ ಒಂದು ಗುಂಡಿ ಮಾಡಿ, ಗೆರೆಯಿಂದ ಗೋಲಿ ಬಿಟ್ಟು ಗುಂಡಿಗೆ ಬೀಳಿಸುವ ಆಟ ಗೊತ್ತಲ್ಲ? ಗುಂಡಿಯನ್ನು 400 ಮೀಟರ್ ಆಚೆಗೆ ಇಟ್ಟು, ಬೆರಳಿನ ಬದಲು ಕೋಲು ಕೊಟ್ಟರೆ ಅದೇ ಗಾಲ್ಫ್. ಕುಳಿಯ ಅಗಲ 108 ಮಿಲಿಮೀಟರ್, ಅಂದರೆ ನಾಲ್ಕೂಕಾಲು ಇಂಚು. ಚೆಂಡಿನ ತೂಕ 46 ಗ್ರಾಂ ಒಳಗೆ. ಕಡಿಮೆ ಹೊಡೆತದಲ್ಲಿ ಕುಳಿಗೆ ಬೀಳಿಸಿದವರು ಗೆದ್ದಂತೆ.

ಗೋಲಿ ಆಡುವಾಗ ಏನಾಗುತ್ತಿತ್ತು ನೆನಪಿಸಿಕೊಳ್ಳಿ. ಗೋಲಿ ಗುಂಡಿಯ ಅಂಚನ್ನು ಮುಟ್ಟಿ ಪಕ್ಕಕ್ಕೆ ಸರಿದುಹೋದಾಗ "ಥೂ, ಇನ್ನೊಂದಾಟ" ಎನ್ನುತ್ತಿದ್ದೆವು. ದೂರ ತಪ್ಪಿದಾಗ ಅಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಮಿದುಳಿನ ಈ ಸ್ವಭಾವವನ್ನು ವಿಜ್ಞಾನಿಗಳು ಜೂಜಿನ ಯಂತ್ರ ಇಟ್ಟು ಪರೀಕ್ಷಿಸಿದ್ದಾರೆ. 2009ರಲ್ಲಿ ಬ್ರಿಟನ್ನಿನ ಲ್ಯೂಕ್ ಕ್ಲಾರ್ಕ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನದಲ್ಲಿ, ಕೂದಲೆಳೆಯಲ್ಲಿ ತಪ್ಪಿದಾಗ ಆಟಗಾರರಿಗೆ ಬೇಸರವಾಗುತ್ತಿತ್ತು. ಆದರೂ ಗೆದ್ದಾಗ ಚುರುಕಾಗುವ ಮಿದುಳಿನ ಭಾಗಗಳೇ ಆಗಲೂ ಚುರುಕಾಗುತ್ತಿದ್ದವು, ಮತ್ತೆ ಆಡುವ ಆಸೆಯೂ ಹೆಚ್ಚುತ್ತಿತ್ತು. ಗಾಲ್ಫ್‌ನಲ್ಲಿ ಕೂದಲೆಳೆಯ ತಪ್ಪುಗಳಿಗೆ ಬರವಿಲ್ಲ. ವಿಶ್ವದ ಅತ್ಯುತ್ತಮ ವೃತ್ತಿಪರರೂ ಎಂಟು ಅಡಿ ದೂರದಿಂದ ಸುಮಾರು ಅರ್ಧದಷ್ಟು ಸಲ ಮಾತ್ರ ಕುಳಿಗೆ ಬೀಳಿಸುತ್ತಾರೆ. ಎಂಟು ಅಡಿ, ಒಂದು ಮಂಚದಷ್ಟು ದೂರ!

ಇದಕ್ಕೆ ಇನ್ನೊಂದು ಸೇರುತ್ತದೆ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧ. ಪ್ರತಿ ಸಲ ಕುಕ್ಕಿದಾಗಲೂ ಕಾಳು ಸಿಕ್ಕರೆ, ಕಾಳು ನಿಂತ ಕೆಲ ಹೊತ್ತಿಗೆ ಹಕ್ಕಿ ಕುಕ್ಕುವುದನ್ನು ಬಿಡುತ್ತದೆ. ಯಾವಾಗ ಸಿಗುತ್ತದೆ ಎಂದು ಗೊತ್ತಿಲ್ಲದ ಹಾಗೆ ಆಗೊಮ್ಮೆ ಈಗೊಮ್ಮೆ ಕಾಳು ಹಾಕಿದರೆ, ಬಿಡುವುದೇ ಇಲ್ಲ. ಬೆಂಗಳೂರಿನಲ್ಲಿ ಗೆಳತಿಯೊಬ್ಬಳು ನನ್ನನ್ನು ಅಭ್ಯಾಸದ ಮೈದಾನಕ್ಕೆ ಕರೆದುಕೊಂಡು ಹೋಗಿದ್ದಳು. ಐವತ್ತು ಚೆಂಡು. ಮೊದಲ ಮೂವತ್ತರಲ್ಲಿ ಅರ್ಧ ಕೋಲಿಗೆ ತಾಗಲೇ ಇಲ್ಲ, ಉಳಿದರ್ಧ ನೆಲದ ಮೇಲೆ ಉರುಳಿ ನಿಂತವು. ಮೂವತ್ತೊಂದನೆಯದೋ ಎರಡನೆಯದೋ, 'ಟಕ್' ಎಂಬ ಸಣ್ಣ ಸದ್ದು, ಕೈಗೆ ಏನೂ ತಾಗಿದಂತೆಯೇ ಅನಿಸಲಿಲ್ಲ, ಚೆಂಡು ಮೇಲೆದ್ದು ಹೋಗುತ್ತಲೇ ಇತ್ತು. ಉಳಿದದ್ದರಲ್ಲಿ ಒಂದೂ ಹಾಗೆ ಹೋಗಲಿಲ್ಲ. ಮುಂದಿನ ಭಾನುವಾರ ಮತ್ತೆ ಹೋದೆ. ಪಾರಿವಾಳ ನಾನೇ.

'ಕೈಗೆ ಏನೂ ತಾಗಲಿಲ್ಲ' ಅನಿಸಿದ್ದಕ್ಕೆ ಭೌತಶಾಸ್ತ್ರದಲ್ಲಿ ಕಾರಣವಿದೆ. ಕೋಲಿನ ತಲೆಯಲ್ಲಿ ಒಂದು ನಿರ್ದಿಷ್ಟ ಜಾಗಕ್ಕೆ ಚೆಂಡು ತಾಗಿದರೆ ಕೋಲು ತಿರುಚುವುದಿಲ್ಲ, ಅದುರುವಿಕೆ ತೀರಾ ಕಡಿಮೆ, ಚೆಂಡಿಗೆ ಹೆಚ್ಚು ಶಕ್ತಿ ಹೋಗುತ್ತದೆ. ಕ್ರಿಕೆಟ್ ಬ್ಯಾಟಿನ ಮಧ್ಯಕ್ಕೆ ಚೆಂಡು ಸಿಕ್ಕ ಅನುಭವವೂ ಇದೇ. ಚೆಂಡು ಮತ್ತು ಕೋಲು ಒಂದಕ್ಕೊಂದು ತಾಗಿರುವುದು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಭಾಗ. ಕೈಯ ನರಗಳು ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಹೊತ್ತಿಗೆ ಚೆಂಡು ಹೊರಟುಹೋಗಿರುತ್ತದೆ. ಹಾಗಾಗಿ ಹೊಡೆತದ ಮಧ್ಯೆ ತಿದ್ದಿಕೊಳ್ಳುವ ಅವಕಾಶವೇ ಇಲ್ಲ. ಕ್ರಿಕೆಟ್ಟಿನಲ್ಲಿ ಬೌಲರನ್ನೋ ಪಿಚ್ಚನ್ನೋ ದೂರಬಹುದು. ಇಲ್ಲಿ ಚೆಂಡು ಕದಲದೆ ಕೂತಿರುತ್ತದೆ, ದೂರಲು ಎದುರಾಳಿಯೂ ಇಲ್ಲ. ತಪ್ಪಿದರೆ ತಪ್ಪು ಪೂರ್ತಿ ನಿಮ್ಮದು, ಸರಿಯಾದರೆ ಹೆಮ್ಮೆಯೂ ಪೂರ್ತಿ ನಿಮ್ಮದೇ.

ಚೆಂಡಿನ ಮೇಲಿನ ಸಣ್ಣ ತಗ್ಗುಗಳ ಬಗ್ಗೆ ಒಂದು ಮಾತು. ಅವು ಅಂದಕ್ಕಲ್ಲ. ಹಿಂದಿನ ಆಟಗಾರರು, ಹೊಸ ನುಣುಪಾದ ಚೆಂಡಿಗಿಂತ ಗೀರು ಬಿದ್ದ ಹಳೆಯ ಚೆಂಡೇ ಹೆಚ್ಚು ದೂರ ಹಾರುವುದನ್ನು ಗಮನಿಸಿದರು. ತಗ್ಗುಗಳಿಂದ ಚೆಂಡಿನ ಮೈಗೆ ಅಂಟಿದ ಗಾಳಿಯ ಪದರ ಕಲಕಿ, ಹೆಚ್ಚು ಹೊತ್ತು ಅಂಟಿಕೊಂಡೇ ಇರುತ್ತದೆ. ಹಿಂದೆ ಎಳೆಯುವ ಗಾಳಿಯ ಸುಳಿ ಚಿಕ್ಕದಾಗುತ್ತದೆ. ನುಣುಪಾದ ಚೆಂಡು ಇದರ ಸುಮಾರು ಅರ್ಧ ದೂರವಷ್ಟೇ ಹೋಗುತ್ತದೆ.

ಗಾಲ್ಫ್ ಆಡುವವರು ಹೇಳುವ ಇನ್ನೊಂದು ಮಾತು, "ಇವತ್ತು ಕುಳಿ ಬಕೆಟ್ಟಿನಷ್ಟು ದೊಡ್ಡದಾಗಿ ಕಂಡಿತು." ಇದು ಬರೀ ಬಡಾಯಿಯಲ್ಲ. 2008ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜೆಸಿಕಾ ವಿಟ್ ತಂಡ, ಆಟ ಮುಗಿಸಿ ಬಂದವರಿಗೆ ಬೇರೆ ಬೇರೆ ಅಳತೆಯ ವೃತ್ತಗಳನ್ನು ತೋರಿಸಿ, ಕುಳಿ ಇವುಗಳಲ್ಲಿ ಯಾವುದರಷ್ಟಿತ್ತು ಎಂದು ಕೇಳಿತು. ಅವತ್ತು ಚೆನ್ನಾಗಿ ಆಡಿದವರು ದೊಡ್ಡ ವೃತ್ತವನ್ನೇ ತೋರಿಸಿದರು. ಚೆನ್ನಾಗಿ ಆಡಿದ್ದರಿಂದ ದೊಡ್ಡದಾಗಿ ಕಂಡಿತೋ, ದೊಡ್ಡದಾಗಿ ಕಂಡಿದ್ದರಿಂದ ಚೆನ್ನಾಗಿ ಆಡಿದರೋ ಎಂಬುದನ್ನು ಇದರಿಂದ ಹೇಳಲಾಗದು.

ಬೆಳಗಿನ ತಿಂಡಿಯಿಂದ ಒಲಿಂಪಿಕ್ಸ್‌ವರೆಗೆ

ನಮ್ಮಲ್ಲಿ ಬಹಳ ಜನ ಗಾಲ್ಫ್ ನೋಡಿದ್ದು ಒಂದೇ ಸಲ, 2021ರ ಆಗಸ್ಟ್‌ನಲ್ಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಬಂದಾಗ, ಬೆಳಗ್ಗೆ ಎದ್ದು ಟಿವಿ ಮುಂದೆ ಕೂತು, 'ಬರ್ಡಿ', 'ಬೋಗಿ' ಎಂದರೇನು ಎಂದು ಫೋನಿನಲ್ಲಿ ಹುಡುಕಿದೆವು. ವಿಶ್ವ ಕ್ರಮಾಂಕದಲ್ಲಿ 200ನೇ ಸ್ಥಾನದಲ್ಲಿದ್ದ ಅವರು ನಾಲ್ಕು ದಿನದಲ್ಲಿ 269 ಹೊಡೆತಗಳಲ್ಲಿ ಮುಗಿಸಿ ನಾಲ್ಕನೆಯವರಾದರು. ಚಿನ್ನ ಗೆದ್ದ ನೆಲ್ಲಿ ಕೋರ್ಡಾ ಅವರದು 267. ಕಂಚಿಗೂ ಅದಿತಿಗೂ ಇದ್ದ ಅಂತರ ಒಂದೇ ಹೊಡೆತ. ಅಲ್ಲಿ ಅವರ ಚೀಲ ಹೊತ್ತು ಜೊತೆಗೆ ನಡೆದದ್ದು ಅವರ ತಾಯಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತಂದೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಅದಿತಿಗೆ ಬೆಳ್ಳಿ ಬಂತು.

ಅವರ ಆಟ ಶುರುವಾದ ಕಥೆ ಸಣ್ಣದು. ಐದು ವರ್ಷದ ಹುಡುಗಿ ಅಪ್ಪ ಅಮ್ಮನ ಜೊತೆ ಬೆಂಗಳೂರಿನಲ್ಲಿ ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಭ್ಯಾಸದ ಮೈದಾನ ಕಾಣುತ್ತಿತ್ತು. ಅಲ್ಲಿ ಜನ ಕೂಗಾಡುವುದು ಕೇಳಿ ಅದೇನೆಂದು ಕೇಳಿದಳು. ಮನೆಯಲ್ಲಿ ಯಾರೂ ಗಾಲ್ಫ್ ಆಡಿದವರಲ್ಲ. ಮೂವರೂ ಒಟ್ಟಿಗೆ ಕಲಿತರು. ನನಗೆ ಈ ಕಥೆಯಲ್ಲಿ ಕಾಡುವುದು ಆ ಕಿಟಕಿ. ತಿಂಡಿ ತಿನ್ನುವ ಮೇಜಿನಿಂದ ಮೈದಾನ ಕಾಣುವ ಮಕ್ಕಳು ಎಷ್ಟು ಜನ ಇದ್ದಾರೆ?

ಆರೋಗ್ಯಕ್ಕೆ ಒಳ್ಳೆಯದೇ?

18 ಕುಳಿಗಳ ಒಂದು ಸುತ್ತು ನಡೆದು ಮುಗಿಸಲು ನಾಲ್ಕು ತಾಸು ಬೇಕು, ಎಂಟು ಕಿಲೋಮೀಟರಿಗೂ ಹೆಚ್ಚು ನಡಿಗೆ. ಬ್ಯಾಟರಿ ಗಾಡಿಯಲ್ಲಿ ಕೂತು ಸುತ್ತಿದರೆ ಈ ಲೆಕ್ಕ ಇಲ್ಲ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆ 2008ರಲ್ಲಿ 3 ಲಕ್ಷ ಗಾಲ್ಫ್ ಆಟಗಾರರ ದಾಖಲೆ ನೋಡಿ, ಅದೇ ವಯಸ್ಸು, ಲಿಂಗ ಮತ್ತು ಆರ್ಥಿಕ ಸ್ಥಿತಿಯ ಇತರರಿಗಿಂತ ಅವರ ಮರಣ ಪ್ರಮಾಣ ಶೇ. 40ರಷ್ಟು ಕಡಿಮೆ ಎಂದು ಕಂಡುಕೊಂಡಿತು. ಆಯಸ್ಸಿನ ಲೆಕ್ಕದಲ್ಲಿ ಇದು ಸುಮಾರು ಐದು ವರ್ಷ. "ಗಾಲ್ಫ್ ಆಡಿ, ಐದು ವರ್ಷ ಹೆಚ್ಚು ಬಾಳಿ" ಎಂಬ ಸುದ್ದಿ ಹುಟ್ಟಿದ್ದು ಇಲ್ಲಿಂದ. ಆದರೆ ಈಗಾಗಲೇ ಗಟ್ಟಿಯಾಗಿರುವವರೇ ಗಾಲ್ಫ್ ಆಡಲು ಹೋಗುತ್ತಾರೆ, ಮಂಡಿನೋವಿನವರು ಹೋಗುವುದಿಲ್ಲ ಎಂಬ ಸಾಧ್ಯತೆಯನ್ನು ಇಂಥ ಅಧ್ಯಯನ ಪೂರ್ತಿ ತಳ್ಳಿಹಾಕಲಾರದು. ಅದೇ ಅಧ್ಯಯನದಲ್ಲಿ ಕಡಿಮೆ ಸುದ್ದಿಯಾದ ಒಂದು ಅಂಶವಿದೆ: ಕಚೇರಿ ಕೆಲಸದವರಿಗಿಂತ ಮೈಬಗ್ಗಿಸಿ ದುಡಿಯುವವರಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚಿತ್ತು. ಸ್ವೀಡನ್ನಿನಲ್ಲಿ ಕಾರ್ಮಿಕರೂ ಗಾಲ್ಫ್ ಆಡುತ್ತಾರೆ. ನಮ್ಮಲ್ಲಿ ಅವರು ಹುಲ್ಲು ಕತ್ತರಿಸುತ್ತಾರೆ, ಚೀಲ ಹೊರುತ್ತಾರೆ. ಬಿಡದಿ ಬಳಿಯ ಈಗಲ್ಟನ್ ಮೈದಾನದಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ ಅಂಥವರು ಚಿಕ್ಕ ವಯಸ್ಸಿನಲ್ಲಿ ಇನ್ನೊಬ್ಬರ ಚೆಂಡು ಹೆಕ್ಕುತ್ತಾ ಕಲಿತು ವೃತ್ತಿಪರ ಆಟಗಾರರಾದದ್ದು ಅಪರೂಪಕ್ಕೆ.

ಹಸುವಿನ ಪ್ರಶ್ನೆ

ಮಾವನ ಮಾತಿಗೆ ಮರಳೋಣ. ಇಷ್ಟು ಹುಲ್ಲಿದೆ, ಹಸು ಯಾಕಿಲ್ಲ? ತಮಾಷೆಯೆಂದರೆ, ಇದೇ ಪ್ರಶ್ನೆಯನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲೇ ಎತ್ತಿದ್ದರು. ಕತ್ತರಿಸಿದ ಹುಲ್ಲುಹಾಸು ನೋಡಲು ಚೆಂದ, ಅದನ್ನು ಹಾಗೆ ಇಡಲು ಹಸುವಿಗಿಂತ ಒಳ್ಳೆಯ ಪ್ರಾಣಿ ಇಲ್ಲ. ಆದರೂ ಸಿರಿವಂತರ ಹುಲ್ಲುಹಾಸಿನಲ್ಲಿ ಹಸು ಇರುವುದಿಲ್ಲ, ಯಾಕೆಂದರೆ ಹಸು ಎಂದರೆ ಉಪಯೋಗ, ಉಳಿತಾಯ ಎಂದು ನೆನಪಾಗುತ್ತದೆ ಎಂಬುದು ಅವರ ವಾದ. ಉಪಯೋಗಕ್ಕೆ ಬಾರದ ಹಾಗೆ ನೆಲವನ್ನು ಇಟ್ಟುಕೊಳ್ಳಬಲ್ಲೆ ಎಂದು ತೋರಿಸುವುದರಲ್ಲೇ ಅಂತಸ್ತು ಇದೆ. ಗಾಲ್ಫ್ ಮೇಲಿನ ಪ್ರೀತಿಯಲ್ಲಿ ಇದರ ಪಾಲೂ ಇದೆ ಎಂದು ನನಗನಿಸುತ್ತದೆ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಬ್ರಿಟಿಷರ ಕಾಲದಲ್ಲಿ. ಅಂದಿನಿಂದ ಇಂದಿನವರೆಗೂ ಆಟದ ಜೊತೆಗೆ 'ಒಳಗಿನವರು' ಎಂಬ ಹೆಮ್ಮೆಯೂ ಬರುತ್ತದೆ.

ಆದರೆ ನಮ್ಮ ಸೀಮೆಯಲ್ಲಿ ಹುಲ್ಲಿನ ಪ್ರಶ್ನೆ ಅಂತಸ್ತಿನದಷ್ಟೇ ಅಲ್ಲ, ನೀರಿನದು. ಲೆಕ್ಕ ಹಾಕಿ ನೋಡಿ. ಒಂದು ಹೆಕ್ಟೇರ್ ನೆಲಕ್ಕೆ ಒಂದು ಮಿಲಿಮೀಟರ್ ನೀರು ಎಂದರೆ 10,000 ಲೀಟರ್. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 4 ಮಿಲಿಮೀಟರ್, ನೀರುಣಿಸುವ ಜಾಗ 30 ಹೆಕ್ಟೇರ್ ಎಂದಿಟ್ಟುಕೊಂಡರೆ ದಿನಕ್ಕೆ 12 ಲಕ್ಷ ಲೀಟರ್. 12,000 ಲೀಟರಿನ ನೂರು ಟ್ಯಾಂಕರ್! ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಒಂದು ನದಿಯಿಲ್ಲ. ನಂದಿ ಬೆಟ್ಟಸಾಲಿನಲ್ಲಿ ಹುಟ್ಟುವ ಪಿನಾಕಿನಿಗಳು ಮಳೆಗಾಲ ಮುಗಿದರೆ ಮರಳಾಗುತ್ತವೆ. ಕೊಳವೆಬಾವಿ ಸಾವಿರ ಅಡಿ ದಾಟಿದ್ದು ಇಲ್ಲಿ ಸುದ್ದಿಯೇ ಅಲ್ಲ. ಕೆರೆಗಳಿಗೆ ಈಗ ಬರುತ್ತಿರುವುದು ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರು ಬಳಸಿ, ಸಂಸ್ಕರಿಸಿ ಕಳಿಸಿದ ನೀರು. ಗಾಲ್ಫ್ ಮೈದಾನಕ್ಕೂ ಅಂಥ ನೀರೇ ಸಾಕು, ಹುಲ್ಲು ದೂರುವುದಿಲ್ಲ. ಕಡಿಮೆ ನೀರು ಕೇಳುವ ಬರ್ಮುಡಾ ಹುಲ್ಲು ನಮ್ಮ ಗರಿಕೆಯೇ. ಅದರ ತಳಿಗಳನ್ನೇ ಬಿಸಿ ಪ್ರದೇಶದ ಮೈದಾನಗಳಲ್ಲಿ ಹಾಕುತ್ತಾರೆ. ಆದ್ದರಿಂದ ಊರ ಹತ್ತಿರ ಗಾಲ್ಫ್ ಮೈದಾನ ಬರುತ್ತದೆ ಎಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ನೀರು ಕೊಳವೆಬಾವಿಯದೋ, ಸಂಸ್ಕರಿಸಿದ್ದೋ ಎಂಬುದು.

ಇದನ್ನೆಲ್ಲ ಮಾವನಿಗೆ ಒಂದು ಸಂಜೆ ಜಗುಲಿಯಲ್ಲಿ ಕೂತು ಹೇಳಿದೆ. ಪಾರಿವಾಳದ ಕಥೆಗೆ ನಕ್ಕರು. ಗರಿಕೆಯ ವಿಷಯ ಬಂದಾಗ ಕಿವಿ ನಿಮಿರಿತು. ಆಮೇಲೆ ಕೇಳಿದರು: "ಅಷ್ಟು ಗರಿಕೆ ದಿನಾ ಕತ್ತರಿಸ್ತಾರಲ್ಲ, ಅದನ್ನ ಏನ್ಮಾಡ್ತಾರಂತೆ?"