ಕೊಳ್ಳೇಗಾಲದ ಗೂಡು, ಖರಗ್‌ಪುರದ ಪಾಠ

ಅಕ್ಟೋಬರಿನ ಒಂದು ಭಾನುವಾರ, ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಟೀ ಅಂಗಡಿಯವನು ಆಗಷ್ಟೇ ಹಾಲು ಕಾಯಲು ಇಟ್ಟಿದ್ದ. ಹನೂರಿನಿಂದ ಮೊದಲ ಬಸ್ಸಿಗೆ ಬಂದಿಳಿದ ನನ್ನ ಅಕ್ಕನ ಮಗಳು ಮೈಸೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಂದು ಹಾಳೆಯನ್ನು ಬಿಚ್ಚುವುದು, ಮಡಿಚುವುದು ಮಾಡುತ್ತಿದ್ದಳು. ಅದರಲ್ಲಿ ಇಪ್ಪತ್ತು ಅಮೈನೋ ಆಮ್ಲಗಳ ಹೆಸರು, ಎದುರಿಗೆ ಒಂದೊಂದಕ್ಕೂ ಒಂದು ಇಂಗ್ಲಿಷ್ ಅಕ್ಷರ. ಗ್ಲೈಸಿನ್‌ಗೆ ಜಿ, ಅಲನಿನ್‌ಗೆ ಎ, ಸರಿ. ಟ್ರಿಪ್ಟೊಫ್ಯಾನ್‌ಗೆ ಡಬ್ಲ್ಯೂ ಯಾಕಮ್ಮ ಎಂದೆ. 'ಅದರಲ್ಲಿ ಎರಡು ಉಂಗುರ ಅಂಟ್ಕೊಂಡಿವೆಯಲ್ಲ ಮಾವ, ಡಬಲ್ ಅಂತ ನೆನಪಿಟ್ಕೊಂಡಿದೀನಿ' ಎಂದಳು.

ಅವಳು ಬರೆಯಲು ಹೊರಟಿದ್ದದ್ದು ಜೀವರಸಾಯನ ವಿಜ್ಞಾನದ ಪರೀಕ್ಷೆ. ಅವಳ ಕಾಲೇಜಿನಲ್ಲಿ ಆ ಹೆಸರಿನ ವಿಷಯವೇ ಇಲ್ಲ. ಬಿಎಸ್ಸಿಯಲ್ಲಿ ರಸಾಯನಶಾಸ್ತ್ರವಿದೆ, ಪ್ರಾಣಿಶಾಸ್ತ್ರವಿದೆ, ಎರಡರ ನಡುವೆ ಇರುವುದನ್ನು ಹೇಳಿಕೊಡುವವರಿಲ್ಲ. ಮೂರು ತಿಂಗಳು ಮನೆಯ ಜಗಲಿಯಲ್ಲಿ ಮೊಬೈಲ್ ಹಿಡಿದು ತಾನೇ ಓದಿಕೊಂಡಿದ್ದಳು. ಹೊರಡುವ ಮುಂಚಿನ ರಾತ್ರಿ ಅವಳ ಅಜ್ಜಿ, ಅಂದರೆ ನನ್ನವ್ವ, ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು: 'ಕಾಲೇಜ್ನಲ್ಲಿ ಯೋಳ್ಕೊಡ್ದೆ ಇರ ಪಾಟ್ಕೆ ಅದ್ಯಾವ ಪರೀಕ್ಸೆ ಮಗ?'

ಪ್ರಶ್ನೆಯಲ್ಲಿ ಹುರುಳಿದೆ. ಪಾಠ ಒಂದು ಕಡೆ, ಪರೀಕ್ಷೆ ಇನ್ನೊಂದು ಕಡೆ, ಅಂಕ ಜಮೆಯಾಗುವುದು ಮತ್ತೊಂದು ಕಡೆ. ಈ ಏರ್ಪಾಡು ಹನೂರಿನವರೆಗೆ ಬಂದ ದಾರಿ ಸಾಕಷ್ಟು ಉದ್ದವಾಗಿದೆ.

ಎಲ್ಲಿಂದ ಹೊರಟಿತು ಎಂದರೆ ಲಂಡನ್ನಿನಿಂದ. 1858ರಲ್ಲಿ ಲಂಡನ್ ವಿಶ್ವವಿದ್ಯಾಲಯ ತನ್ನ ಪದವಿ ಪರೀಕ್ಷೆಗಳನ್ನು ಯಾವ ಕಾಲೇಜಿಗೂ ಸೇರದವರಿಗೆ ತೆರೆಯಿತು. ಎಲ್ಲಿ ಓದಿದಿರಿ, ಯಾರ ಹತ್ತಿರ ಓದಿದಿರಿ ಎಂದು ಕೇಳುವುದಿಲ್ಲ, ಬಂದು ಬರೆಯಿರಿ ಅಷ್ಟೆ. ಅದಕ್ಕೆ ಒಂದು ವರ್ಷ ಮೊದಲು, 1857ರಲ್ಲಿ, ಕಲ್ಕತ್ತಾ, ಮುಂಬಯಿ, ಮದ್ರಾಸುಗಳಲ್ಲಿ ಹುಟ್ಟಿದ ನಮ್ಮ ವಿಶ್ವವಿದ್ಯಾಲಯಗಳೂ ಲಂಡನ್ನಿನ ಅಚ್ಚಿನವೇ. ಮೊದಮೊದಲು ಅವು ಪಾಠ ಮಾಡುತ್ತಿರಲಿಲ್ಲ. ಕಾಲೇಜುಗಳು ಪಾಠ ಮಾಡಿದರೆ ಅವು ಪರೀಕ್ಷೆ ನಡೆಸಿ ಪದವಿ ಕೊಡುತ್ತಿದ್ದವು.

ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ತಾಲ್ಲೂಕಿನವರಿಗೆ ಇದರಲ್ಲಿ ಒಂದು ತಮಾಷೆ ಕಾದಿತ್ತು. ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಕೂಗಳತೆ ಎನ್ನಬಹುದಾದಷ್ಟು ಹತ್ತಿರದ ಕೊಳ್ಳೇಗಾಲ, ಅದಕ್ಕೆ ಸೇರಿದ್ದ ಹನೂರು, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯವು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದ ಮೇಲೆ ಯಳಂದೂರಿನ ಹುಡುಗನಿಗೆ ಮೈಸೂರು ತನ್ನದಾಯಿತು. ಕೊಳ್ಳೇಗಾಲದ ಹುಡುಗನ ಪ್ರಾಂತ್ಯದ ವಿಶ್ವವಿದ್ಯಾಲಯ ಮಾತ್ರ ಇನ್ನೂ ಮದ್ರಾಸು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ತಿದ್ದುಪಡಿಯಾದ ಮೇಲೆ ಎರಡೂ ಒಂದೇ ಕಡೆ ಬಂದವು. ಇನ್ನೂ ಹಿಂದಕ್ಕೆ ಹೋದರೆ, ಯಳಂದೂರಿನವಳೇ ಎಂದು ಹೇಳುವ ಸಂಚಿ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿದುಕೊಂಡೇ ಕಲಿತು 'ಹದಿಬದೆಯ ಧರ್ಮ' ಬರೆದಳು. ಅವಳನ್ನು ಯಾರೂ ಕ್ರೆಡಿಟ್ ಎಷ್ಟಾಯಿತು ಎಂದು ಕೇಳಲಿಲ್ಲ.

ಈ ಕ್ರೆಡಿಟ್, ಅಂದರೆ ಓದನ್ನು ಅಳೆಯುವ ಲೆಕ್ಕ, ಇದರ ಮೂಲ ನೋಡಿದರೆ ನಗು ಬರುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿ ಕಾಲೇಜು ಮೇಷ್ಟರುಗಳಿಗೆ ಪಿಂಚಣಿ ಕೊಡಲು ದುಡ್ಡು ಇಟ್ಟ. ಯಾವ ಕಾಲೇಜಿನ ಮೇಷ್ಟರಿಗೆ ಕೊಡಬೇಕು ಎಂದು ಗೊತ್ತುಮಾಡಲು ಅವನ ಪ್ರತಿಷ್ಠಾನ ಒಂದು ಅಳತೆ ಹಾಕಿತು: ಕಾಲೇಜಿಗೆ ಸೇರುವವರು ಪ್ರೌಢಶಾಲೆಯಲ್ಲಿ ಇಷ್ಟು ವಿಷಯಗಳನ್ನು, ಒಂದೊಂದನ್ನೂ ವರ್ಷಕ್ಕೆ 120 ಗಂಟೆಯಂತೆ ಓದಿರಬೇಕು. ಪಿಂಚಣಿಯ ಆಸೆಗೆ ಕಾಲೇಜುಗಳು ಅದನ್ನು ಒಪ್ಪಿದವು. ಮೇಷ್ಟರ ನಿವೃತ್ತಿಗೆಂದು ಹೂಡಿದ ಲೆಕ್ಕದಿಂದ ವಿದ್ಯೆಯನ್ನು ಗಂಟೆಯಲ್ಲಿ ಅಳೆಯುವ ಪದ್ಧತಿ ಬೇರೂರಿತು. ಅಳೆಯಲು ಬಂತು ಎಂದಮೇಲೆ ಒಂದು ಕಡೆಯದನ್ನು ಇನ್ನೊಂದು ಕಡೆಗೆ ಒಯ್ಯಲೂ ಬಂತು.

ಆ ಗಂಟೆಯನ್ನು ತರಗತಿಯಿಂದ ಬಿಡಿಸಿ ಮನೆಗೆ ತಂದದ್ದು, ನಮ್ಮ ಮಟ್ಟಿಗೆ, ಅಂಚೆ. 1962ರಲ್ಲಿ ದೆಹಲಿ ವಿಶ್ವವಿದ್ಯಾಲಯ ಅಂಚೆ ತೆರಪಿನ ಶಿಕ್ಷಣ ಶುರುಮಾಡಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಅದು ಬಂದದ್ದು 1969ರಲ್ಲಿ. ನಮ್ಮ ಕಡೆ ಪ್ರೈಮರಿ ಶಾಲೆಯ ಮೇಷ್ಟರು, ಗ್ರಾಮಲೆಕ್ಕಿಗರು, ಬಸ್ ಕಂಡಕ್ಟರು ಬಿಎ, ಎಂಎ ಆದದ್ದು ಹೀಗೆ. ನಮ್ಮ ಬೀದಿಯ ಮೇಷ್ಟರೊಬ್ಬರು ಪೋಸ್ಟಿನಲ್ಲಿ ಬಂದ ಪಾಠದ ಕಟ್ಟನ್ನು ಹುಣಸೆಹಣ್ಣಿನ ಮಡಕೆಯ ಪಕ್ಕದ ಗೂಡಿನಲ್ಲಿಟ್ಟು, ಲಾಟೀನು ಹಚ್ಚಿ ಓದುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಮೈಸೂರಿನ ಅದೇ ವಿಭಾಗ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಆದರೆ ಅಂಚೆಯಲ್ಲಿ ಬಂದದ್ದು ಹೆಚ್ಚಾಗಿ ಇತಿಹಾಸ, ಕನ್ನಡ, ಅರ್ಥಶಾಸ್ತ್ರ. ವಿಜ್ಞಾನಕ್ಕೆ ಲ್ಯಾಬು ಬೇಕು, ಲ್ಯಾಬನ್ನು ಲಕೋಟೆಯಲ್ಲಿ ಹಾಕಿ ಕಳಿಸಲಾಗುವುದಿಲ್ಲ.

ವಿಜ್ಞಾನವನ್ನು ಮನೆಯಲ್ಲಿ ಕೂತು ಓದುವವರಿಗಾಗಿಯೇ ಪುಸ್ತಕ ಬರೆಸಿದವರಲ್ಲಿ ಇಗ್ನೋ ಮುಖ್ಯವಾದದ್ದು. 1985ರಲ್ಲಿ ಹುಟ್ಟಿದ ಈ ವಿಶ್ವವಿದ್ಯಾಲಯ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 30 ಗಂಟೆಯ ಓದು ಎಂದು ಲೆಕ್ಕ ಹಾಕಿತು. ಮೇಷ್ಟರು ಮಾತಾಡಿದ ಗಂಟೆಯಲ್ಲ, ಓದುವವನು ತಲೆ ಕೆಡಿಸಿಕೊಂಡ ಗಂಟೆ. ಅದರ ಹಳೆಯ ಬಿಎಸ್ಸಿಯಲ್ಲಿ ಸಿಎಚ್‌ಇ-09 ಎಂಬ ಸಂಖ್ಯೆಯ ಪತ್ರಿಕೆ ಜೀವರಸಾಯನದ್ದಾಗಿತ್ತು, 4 ಕ್ರೆಡಿಟ್. ಅಂದರೆ 120 ಗಂಟೆ. ಆ ಪುಸ್ತಕಗಳನ್ನು ನಾನು ತಿರುವಿ ಹಾಕಿದ್ದೇನೆ. ಪ್ಯಾರಾದ ಮಧ್ಯೆ ನಿಲ್ಲಿಸಿ 'ಈಗ ನೀವೇ ಬರೆದು ನೋಡಿ' ಎಂದು ಜಾಗ ಬಿಟ್ಟಿರುತ್ತಾರೆ. ಬಾಯಿಲ್ಲದ ಮೇಷ್ಟರು ಇದಕ್ಕಿಂತ ಹೆಚ್ಚೇನು ಮಾಡಬೇಕು?

ಮೇಷ್ಟರಿಗೆ ಬಾಯಿ ಬಂದದ್ದು 2003ರಲ್ಲಿ. ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟಿಇಎಲ್ ಶುರುಮಾಡಿದವು. ತಮ್ಮ ತರಗತಿಯ ಪಾಠವನ್ನು ಚಿತ್ರೀಕರಿಸಿ ಎಲ್ಲರಿಗೂ ಬಿಟ್ಟುಕೊಡುವ ಕೆಲಸ. ಖರಗ್‌ಪುರ ಐಐಟಿಯ ರಸಾಯನಶಾಸ್ತ್ರದ ಪ್ರೊ. ಸ್ವಾಗತಾ ದಾಸ್‌ಗುಪ್ತಾ ಅವರ ಜೀವರಸಾಯನ ಪಾಠ ಆ ಸಾಲಿನದು. 2014ರಿಂದ ಪಾಠದ ಜೊತೆಗೆ ಪರೀಕ್ಷೆ, ಪ್ರಮಾಣಪತ್ರ ಸೇರಿದವು. 2017ರ ಜುಲೈ 9ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಇಂಥ ಪಾಠಗಳ ಆನ್‌ಲೈನ್ ವೇದಿಕೆ 'ಸ್ವಯಂ' ಉದ್ಘಾಟಿಸಿದರು. ಯುಜಿಸಿ 2016ರಲ್ಲೇ ನಿಯಮ ಮಾಡಿತ್ತು: ಇಂಥ ಕೋರ್ಸಿನಿಂದ ಶೇ 20ರವರೆಗೆ ಕ್ರೆಡಿಟ್ ತರಬಹುದು. 2021ರಲ್ಲಿ ಅದು ಶೇ 40ಕ್ಕೆ ಏರಿತು. ಅದೇ ವರ್ಷ ಗಳಿಸಿದ ಕ್ರೆಡಿಟ್ ಕೂಡಿಡಲು ಅಕಾಡೆಮಿಕ್ ಬ್ಯಾಂಕ್ ಬಂತು. ಸ್ವಸಹಾಯ ಸಂಘದ ಪಾಸ್‌ಬುಕ್ಕಿನ ಹಾಗೆ ಎಂದು ಅಕ್ಕನಿಗೆ ಹೇಳಿದೆ, ತಟ್ಟನೆ ಅರ್ಥವಾಯಿತು.

ಹುಡುಗಿ ಸೇರಿದ ಕೋರ್ಸಿನ ವ್ಯವಸ್ಥೆ ಸರಳವೇ. ಸೇರಲು ದುಡ್ಡಿಲ್ಲ. ವಾರಕ್ಕೊಂದು ಅಸೈನ್‌ಮೆಂಟು. 12 ವಾರದ ಕೋರ್ಸಾದರೆ ಚೆನ್ನಾಗಿ ಮಾಡಿದ 8ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ, ಅದಕ್ಕೆ 25 ಅಂಕ. ಉಳಿದ 75 ಕೊನೆಯ ಪರೀಕ್ಷೆಗೆ. ಪರೀಕ್ಷೆಗೆ ಮಾತ್ರ ಶುಲ್ಕ, ಮತ್ತು ಅದನ್ನು ಮನೆಯಲ್ಲಿ ಬರೆಯುವ ಹಾಗಿಲ್ಲ. ಗೊತ್ತಾದ ಊರಿಗೆ ಹೋಗಿ, ಗುರುತಿನ ಚೀಟಿ ತೋರಿಸಿ, ಅಲ್ಲಿನ ಕಂಪ್ಯೂಟರಿನ ಮುಂದೆ ಕೂರಬೇಕು. ಲಂಡನ್ನಿನವರು 1858ರಲ್ಲಿ ಮಾಡಿದ್ದೂ ಇದನ್ನೇ. ಅದಕ್ಕೇ ಆ ಭಾನುವಾರದ ಮೈಸೂರು ಬಸ್ಸು.

ಆದರೆ ಮೂರು ತಿಂಗಳ ಜಗಲಿಯ ಓದಿನಲ್ಲಿ ನಾನು ಕಣ್ಣಾರೆ ಕಂಡದ್ದು ಬೇರೆಯೇ ಒಂದು ಸಂಗತಿ.

ಅಕ್ಕನ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಮುಕ್ಕಾಲು ಎಕರೆ ಹಿಪ್ಪುನೇರಳೆ ಇದೆ, ಗೂಡು ಮಾರಾಟಕ್ಕೆ ಹೋಗುತ್ತದೆ. ಪ್ರೋಟೀನಿನ ರಚನೆಯ ಪಾಠ ಬಂದ ವಾರ ಹುಡುಗಿ ಅಡುಗೆಮನೆಯಲ್ಲಿ ಹಳೆಯ ಅಲ್ಯೂಮಿನಿಯಂ ಪಾತ್ರೆ ಇಟ್ಟು, ತೂತು ಬಿದ್ದ ನಾಲ್ಕು ಗೂಡು ಹಾಕಿ, ಮೇಲೆ ಒಂದು ಚಮಚ ಬಟ್ಟೆ ಸೋಡಾ ಸುರಿದು ಕುದಿಸಿದಳು. ಸೋಡಾಕ್ಕೆ ಅಲ್ಯೂಮಿನಿಯಂ ಆಗುವುದಿಲ್ಲ, ಪಾತ್ರೆ ಕಪ್ಪಗಾಯಿತು, ಅವ್ವನಿಂದ ಬೈಗುಳವೂ ಆಯಿತು. ಅರ್ಧ ಗಂಟೆಯಲ್ಲಿ ಗಟ್ಟಿ ಗೂಡು ಹತ್ತಿಯ ಹಾಗೆ ಮೆತ್ತಗಾಗಿ, ನೀರು ಮಾತ್ರ ಬೆರಳಿಗೆ ಅಂಟಂಟು. ಆ ಅಂಟೇ ಸೆರಿಸಿನ್. ರೇಷ್ಮೆಯ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅದೇ. ಕೊಳ್ಳೇಗಾಲದಲ್ಲಿ ಬಣ್ಣ ಹಾಕುವ ಮುಂಚೆ ನೂಲನ್ನು ಸೋಪು, ಸೋಡಾದಲ್ಲಿ ಬೇಯಿಸಿ ಅಂಟು ತೆಗೆಯುವುದು, ತೂಕ ಇಳಿಯುವುದು ಎಲ್ಲರಿಗೂ ಗೊತ್ತು. ಅಂಟು ಹೋದ ಮೇಲೆ ಉಳಿಯುವುದು ಫೈಬ್ರಾಯಿನ್.

ಅವಳು ಹಾಳೆಯ ಮೇಲೆ ಅದನ್ನು ಬರೆದು ತೋರಿಸಿದಳು. ಗ್ಲೈಸಿನ್, ಅಲನಿನ್, ಗ್ಲೈಸಿನ್, ಅಲನಿನ್, ಗ್ಲೈಸಿನ್, ಸೆರಿನ್. ಮತ್ತೆ ಅದೇ ಸಾಲು, ಮತ್ತೆ ಅದೇ. ಇಪ್ಪತ್ತು ಅಮೈನೋ ಆಮ್ಲಗಳಿದ್ದರೂ ಹುಳ ಹೆಚ್ಚಾಗಿ ಮೂರನ್ನೇ ಹಿಡಿದು ನೇಯುತ್ತದೆ, ಅದೂ ಇದ್ದುದರಲ್ಲಿ ಚಿಕ್ಕವನ್ನು. ಗ್ಲೈಸಿನ್‌ಗೆ ಪಕ್ಕಕ್ಕೆ ಚಾಚಿದ ಕೊಂಬೆಯೆಂದರೆ ಒಂದೇ ಒಂದು ಹೈಡ್ರೋಜನ್. ಕೊಂಬೆ ಚಿಕ್ಕದಾದ್ದರಿಂದ ಸರಪಣಿಗಳು ಒಂದಕ್ಕೊಂದು ಒತ್ತಾಗಿ ಕೂರುತ್ತವೆ, ಒಂದರ ಮೇಲೊಂದು ಹಾಳೆಯಾಗುತ್ತವೆ. ಪುಸ್ತಕದಲ್ಲಿ ಇದಕ್ಕೆ ಬೀಟಾ ಪ್ಲೀಟೆಡ್ ಶೀಟ್ ಎಂದಿದೆ. 'ಪ್ಲೀಟ್ ಅಂದ್ರೆ ನೆರಿಗೆ ಮಾವ' ಎಂದಳು. ಸೀರೆ ಉಡುವಾಗ ಹೆಂಗಸರು ಹಿಡಿಯುವ ನೆರಿಗೆ, ಸೀರೆಯ ಎಳೆಯೊಳಗೆ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಮೊದಲೇ ಇದೆ! ನೆರಿಗೆಯ ಸರಪಣಿ ಆಗಲೇ ಉದ್ದಕ್ಕೆ ಚಾಚಿಕೊಂಡಿರುವುದರಿಂದ ರೇಷ್ಮೆ ಗಟ್ಟಿ, ಉಣ್ಣೆಯ ಹಾಗೆ ಹಿಗ್ಗುವುದಿಲ್ಲ. ನಾನು ನಲವತ್ತು ವರ್ಷ ಗೂಡಿನ ಮಧ್ಯೆ ಬೆಳೆದವನು, ಈ ಮಾತು ಮೊದಲ ಸಲ ಕೇಳಿದ್ದು ಅವತ್ತು.

ಬೀಟಾ ಹಾಳೆಯ ರಚನೆಯನ್ನು 1951ರಲ್ಲಿ ಮುಂದಿಟ್ಟವರಲ್ಲಿ ಒಬ್ಬರು ಲೈನಸ್ ಪಾಲಿಂಗ್. ಅದಕ್ಕೆ ಎರಡು ವರ್ಷ ಮೊದಲು, 1949ರಲ್ಲಿ, ಅವರೂ ಸಂಗಡಿಗರೂ ಸೇರಿ ಕುಡುಗೋಲು ಕಣ ರೋಗದ ಬೇರು ಹಿಮೋಗ್ಲೋಬಿನ್ ಅಣುವಿನಲ್ಲೇ ಇದೆ ಎಂದು ತೋರಿಸಿದ್ದರು. ಕೆಲವು ವರ್ಷದ ನಂತರ ವೆರ್ನನ್ ಇಂಗ್ರಾಂ ಎಲ್ಲಿ ಎಂಬುದನ್ನೂ ಹಿಡಿದರು: ಹಿಮೋಗ್ಲೋಬಿನ್ನಿನ ಬೀಟಾ ಸರಪಣಿಯ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲಿನ್. ಒಂದು ಮಣಿ ಬದಲಾದರೆ ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಸರಳಾಗುತ್ತದೆ, ದುಂಡನೆಯ ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗುತ್ತದೆ. ಈ ರೋಗ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಇದೆ. 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇರುವುದೂ ಆ ಬೆಟ್ಟದಲ್ಲೇ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಈ ರೋಗ ನಿರ್ಮೂಲನೆಗೆಂದು ರಾಷ್ಟ್ರೀಯ ಕಾರ್ಯಕ್ರಮವನ್ನೇ ಶುರುಮಾಡಿತು. ಜೀವರಸಾಯನದ ಯಾವ ಪಠ್ಯಪುಸ್ತಕ ತೆರೆದರೂ ರೇಷ್ಮೆ, ಕುಡುಗೋಲು ಕಣ ಎರಡೂ ಇರುತ್ತವೆ. ಎರಡೂ ಈ ಮೂರು ತಾಲ್ಲೂಕಿನಲ್ಲಿ ಮನೆಯ ಹಿತ್ತಲಲ್ಲೇ ಇವೆ. ಹೇಳಿಕೊಡುವ ದನಿ ಮಾತ್ರ ಖರಗ್‌ಪುರದಿಂದ, ಇಂಗ್ಲಿಷಿನಲ್ಲಿ ಬರಬೇಕು. ನನಗೆ ಕಸಿವಿಸಿಯಾಗುವುದು ಇಲ್ಲಿ.

ಎಲ್ಲವೂ ಸಲೀಸು ಎಂದೇನೂ ಅಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿದ ಹುಡುಗಿ ಮೊದಲ ಎರಡು ವಾರ ಪ್ರತಿ ನಿಮಿಷಕ್ಕೂ ವಿಡಿಯೊ ನಿಲ್ಲಿಸುತ್ತಿದ್ದಳು. ಕೆಲವು ಕೋರ್ಸುಗಳ ಪಾಠದ ಬರಹ ಈಗ ಕನ್ನಡಕ್ಕೂ ಅನುವಾದವಾಗುತ್ತಿದೆ, ಪರೀಕ್ಷೆಯ ಹೊತ್ತಿಗೆ ಮತ್ತೆ ಇಂಗ್ಲಿಷೇ. ಮನೆಯೊಳಗೆ ನೆಟ್‌ವರ್ಕ್ ಸಿಕ್ಕುವುದಿಲ್ಲ, ಜಗಲಿಯ ಮೂಲೆಯ ಒಂದು ಕಂಬದ ಹತ್ತಿರ ಸಿಕ್ಕುತ್ತದೆ. ಲ್ಯಾಬು ಇಲ್ಲದ ಜೀವರಸಾಯನ ಅರ್ಧ ಊಟ ಎಂಬುದೂ ನಿಜ. ಕಪ್ಪಾದ ಪಾತ್ರೆಗೆ ಯಾರೂ ಅಂಕ ಕೊಡುವುದಿಲ್ಲ.

ಕ್ರೆಡಿಟ್ಟಿನದೇ ಇನ್ನೊಂದು ಪಾಡು. ಕೋರ್ಸನ್ನು ವಿದ್ಯಾರ್ಥಿ ಓದುವ ಕಡೆಯವರು ಮೊದಲೇ ಒಪ್ಪಿ, ಯಾವ ಪತ್ರಿಕೆಯ ಬದಲಿಗೆ ಎಂದು ಗೊತ್ತುಮಾಡಿರಬೇಕು. ಕರ್ನಾಟಕ 2021ರಲ್ಲಿ ಹೊಸ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿಗೆ ಹೋಯಿತು, 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ಈ ಹೋಗಿ ಬರುವುದರಲ್ಲಿ ಯಾವ ಬ್ಯಾಚಿನವರಿಗೆ ಎಷ್ಟು ಐಚ್ಛಿಕ ಎಂಬುದು ಮೇಷ್ಟರುಗಳಿಗೇ ಗೊಂದಲ. ಹುಡುಗಿ ತನ್ನ ಕಾಲೇಜಿನ ಆಫೀಸಿನಲ್ಲಿ ಕೇಳಿದಾಗ ಗುಮಾಸ್ತರು ಕನ್ನಡಕ ಮೇಲಕ್ಕೆ ಸರಿಸಿ, 'ಸುತ್ತೋಲೆ ಬರಲಮ್ಮ, ನೋಡೋಣ' ಎಂದರಂತೆ. ಅರ್ಜಿ ಕೊಟ್ಟು, ಸೀಲು ಹಾಕಿಸಿಕೊಂಡ ಒಂದು ನಕಲನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ.

ಮಧ್ಯಾಹ್ನ ಪರೀಕ್ಷೆ ಮುಗಿಸಿ ಹೊರಗೆ ಬಂದವಳ ಮುಖ ನೋಡಿ ಏನೂ ಗೊತ್ತಾಗಲಿಲ್ಲ. ಟಿ. ನರಸೀಪುರದ ಸೇತುವೆ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ, 'ರೇಷ್ಮೆ ಮೇಲೆ ಒಂದೂ ಪ್ರಶ್ನೆ ಬರಲಿಲ್ಲ ಮಾವ' ಎಂದಳು. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ ಹನೂರು ಮುಟ್ಟುವಾಗ ಕತ್ತಲಾಗಿತ್ತು. ಅಂಗಳದಲ್ಲಿ ಭಾವ ಕುಡುಗೋಲು ಮಸೆಯುತ್ತಿದ್ದರು. ಪರೀಕ್ಷೆ ಹೇಗಾಯಿತು ಎಂದು ಕೇಳಿದರು, ಅವಳು ಪರವಾಗಿಲ್ಲ ಎಂದಳು. 'ನಾಕ್ನೇ ಜ್ವರ ಎದ್ದವೆ ಕನವ್ವ, ಬೆಳಿಗ್ಗೆ ಸೊಪ್ಪು ಕುಯ್ಯಕೆ ಬಾ' ಎಂದರು. ಹುಳ ತನ್ನ ಬಾಳಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ತಿನ್ನುವುದು ಜ್ವರವೆಂದು ಕರೆಯುವ ಆ ಪೊರೆ ಬಿಡುವ ನಿದ್ದೆಯಿಂದ ಎದ್ದ ಮೇಲಿನ ಒಂದು ವಾರದಲ್ಲೇ. ಹುಡುಗಿ ಬ್ಯಾಗು ಕೆಳಗಿಟ್ಟು ಹುಳದ ಮನೆಯ ಬಾಗಿಲು ತೆರೆದಳು. ಒಳಗಿನಿಂದ ಮಳೆ ಹನಿಯುವ ಹಾಗೆ ಸೊಪ್ಪು ತಿನ್ನುವ ಸದ್ದು ಕೇಳಿಸುತ್ತಿತ್ತು.