ಬೆಂಡ್ ತೆಗೆಯುವ ಕೈ

ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ನಮ್ಮ ಹಳೆಯ ಕಪ್ಪು ಸೈಕಲ್ಲಿನ ಈ ಲೆಕ್ಕವನ್ನು ಮೈಸೂರಿನ ಒಬ್ಬ ಸೈಕಲ್ ಮೇಸ್ತ್ರಿ ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ. ಸವಾರನ ಭಾರ, ಕ್ಯಾರಿಯರ್ ಮೇಲಿನ ಅಕ್ಕಿ ಮೂಟೆ, ಅದರ ಮೇಲೆ ಕುಳಿತ ಮಗ, ಎಲ್ಲವೂ ಹೆಚ್ಚಾಗಿ ಬೀಳುವುದು ಹಿಂದಿನ ಚಕ್ರದ ಮೇಲೆ. ಅದಕ್ಕೇ ಅಲ್ಲಿ ಎಂಟು ಕಡ್ಡಿ ಹೆಚ್ಚು. ಪತ್ರಿಕೆಯಲ್ಲಿ ತಮ್ಮ ಹೆಸರು ಬೇಡ, ಮೇಸ್ತ್ರಿ ಅಂದರೆ ಸಾಕು ಎಂದರು. ಎಪ್ಪತ್ತು ದಾಟಿದ ವಯಸ್ಸು. ಎಣ್ಣೆ, ಗ್ರೀಸು ಇಳಿದು ಉಗುರಿನ ಸಂದು ಕಪ್ಪಾಗಿದೆ. ಹಳೆಯ ಬಡಾವಣೆಯೊಂದರ ಅಡ್ಡರಸ್ತೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಂಗಡಿ ಅವರದು.

ಸೈಕಲ್ ಸವಾರರ ಊರು ಎಂದು ಹೆಸರು ಮಾಡಿರುವ ಮೈಸೂರಿನ ಬಗ್ಗೆ ಬರೆಯಬೇಕೆಂದು ಹೊರಟವನು ನಾನು. ಕಾರ್ಡ್ ತೋರಿಸಿ ಸೈಕಲ್ ಬಿಡಿಸಿಕೊಳ್ಳುವ ನಿಲ್ದಾಣಗಳು, ಬೆಳಗಿನ ಜಾವ ಬೆಟ್ಟ ಹತ್ತುವ ಹುಡುಗ ಹುಡುಗಿಯರು, ದಸರೆಯ ಪಾರಂಪರಿಕ ಸವಾರಿ, ಎಲ್ಲವನ್ನೂ ನೋಡಿದ್ದಾಯಿತು. ಆದರೆ ಇವರು ಒಂದು ಚಕ್ರದ ಬೆಂಡ್ ತೆಗೆಯುವುದನ್ನು ನೋಡಿದ ಮೇಲೆ ಉಳಿದದ್ದೆಲ್ಲ ನನಗೆ ಇದರ ಹಿಂದೆ ಹಿಂದೆ ಬರುವ ಸಂಗತಿಗಳಂತೆ ಕಾಣತೊಡಗಿತು.

ಬೆಂಡ್ ತೆಗೆಯಲು ಚಕ್ರವನ್ನು ಕವೆಗೆ ಸಿಕ್ಕಿಸಿ ಒಮ್ಮೆ ಜೋರಾಗಿ ತಿರುಗಿಸುತ್ತಾರೆ. ಸೀಮೆಸುಣ್ಣದ ತುಂಡನ್ನು ರಿಮ್ಮಿನ ಪಕ್ಕಕ್ಕೆ ಅಲುಗಾಡದಂತೆ ಹಿಡಿಯುತ್ತಾರೆ. ರಿಮ್ಮು ಎಲ್ಲಿ ವಾಲಿದೆಯೋ ಅಲ್ಲಿ ಮಾತ್ರ ಬಿಳಿ ಗೆರೆ ಬೀಳುತ್ತದೆ. ಕಡ್ಡಿಗಳು ನಡುವಿನ ಹಬ್ಬಿನ ಎಡಬಲದ ಎರಡು ಬಿಲ್ಲೆಗಳಿಂದ ಹೊರಟು ರಿಮ್ಮನ್ನು ಎರಡೂ ಕಡೆಗೆ ಎಳೆದು ಹಿಡಿದಿರುತ್ತವೆ. ರಿಮ್ಮು ಬಲಕ್ಕೆ ವಾಲಿದ್ದರೆ ಅಲ್ಲಿ ಎಡಗಡೆಯ ಕಡ್ಡಿಯನ್ನು ಅರ್ಧ ಸುತ್ತು ಬಿಗಿ ಮಾಡಬೇಕು, ಬಲಗಡೆಯದನ್ನು ಅಷ್ಟೇ ಸಡಿಲಿಸಬೇಕು. ಬರೀ ಬಿಗಿ ಮಾಡುತ್ತಾ ಹೋದರೆ ವಾಲಿದ್ದೇನೋ ಸರಿಹೋಗುತ್ತದೆ, ಆದರೆ ಆ ಜಾಗದಲ್ಲಿ ರಿಮ್ಮು ಒಳಕ್ಕೆ ಜಗ್ಗಿ ಚಕ್ರದ ಗುಂಡು ಕೆಡುತ್ತದೆ. ಕಲಿಯಲು ಬಂದ ಹುಡುಗರು ಎಡವುವುದು ಇಲ್ಲೇ. ಕೊನೆಯಲ್ಲಿ ಮೇಸ್ತ್ರಿ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟುತ್ತಾರೆ, ತಂಬೂರಿಯ ಶ್ರುತಿ ನೋಡುವವರ ಹಾಗೆ. ಸಡಿಲಾದ ಕಡ್ಡಿಯ ದನಿ ಮಂದ, ಬಿಗಿಯಾದದ್ದರ ದನಿ ಏರು. ಒಂದೇ ಕಡೆಯ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ದನಿ ಕೊಟ್ಟಾಗಲೇ ಕೆಲಸ ಮುಗಿಯಿತು. ಈ ಹೊತ್ತಿನಲ್ಲಿ ಅವರು ಯಾರ ಜೊತೆಗೂ ಮಾತನಾಡುವುದಿಲ್ಲ. ರಸ್ತೆಯಲ್ಲಿ ಹಾರ್ನ್ ಜೋರಾದರೆ ಕೈ ನಿಲ್ಲಿಸಿ ಕಾಯುತ್ತಾರೆ.

ಓವರ್‌ಹಾಲಿಂಗ್, ಪಂಕ್ಚರ್ ಕೆಲಸಗಳೂ ಇವೆ. ಕೋನು, ಗುಂಡುಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸ್ ತುಂಬುವುದು, ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕುವುದು ನೋಡದವರಾರು? ಅಂಗಡಿಯ ಅನ್ನ ಹುಟ್ಟುವುದು ಅದರಿಂದಲೇ. ಆದರೆ ಮೇಸ್ತ್ರಿಯ ಹೆಸರು ನಿಲ್ಲುವುದು ಬೆಂಡಿನ ಮೇಲೆ.

ಅವರ ತಂದೆಯ ಕಾಲದಲ್ಲಿ ಇದು ಬಾಡಿಗೆ ಸೈಕಲ್ ಅಂಗಡಿ. ಆ ಕಥೆಗೆ ತೊಡಗಿದರೆ ಮೇಸ್ತ್ರಿಗೆ ಗಡಿಯಾರದ ನೆನಪಿರುವುದಿಲ್ಲ. ಅಂಗಡಿಯ ಮುಂದೆ ಸಾಲಾಗಿ ಸೈಕಲ್, ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಅಂಗಡಿಯ ಹೆಸರು ಮತ್ತು ನಂಬರು. ಒಳಗೆ ಉದ್ದನೆಯ ಲೆಕ್ಕದ ಪುಸ್ತಕ, ದಾರ ಕಟ್ಟಿದ ಪೆನ್ಸಿಲ್, ಗೋಡೆ ಗಡಿಯಾರ. ಸೈಕಲ್ ನಂಬರು, ಒಯ್ದವರ ಹೆಸರು, ಹೊರಟ ಹೊತ್ತು, ಬಂದ ಹೊತ್ತು ಎಂದು ನಾಲ್ಕು ಕಲಮು. ಠೇವಣಿ ಎಂಬುದು ಇರಲಿಲ್ಲ. ಯಾರ ಮಗ, ಯಾವ ಬೀದಿ ಎಂದು ಗೊತ್ತಿದ್ದರೆ ಸಾಕು. ಗೊತ್ತಿಲ್ಲದವರು ಗೊತ್ತಿರುವವರೊಬ್ಬರನ್ನು ಕರೆತರಬೇಕು. ಪೇಟೆಗೆ ಬಂದ ಹಳ್ಳಿಯವರು ಕಚೇರಿಗೆ, ಆಸ್ಪತ್ರೆಗೆ, ಮದುವೆ ಮನೆಗೆ ಓಡಾಡಿದ್ದು ಈ ಸೈಕಲ್ಲುಗಳ ಮೇಲೆ. ಸಿನಿಮಾ ನೋಡಲು ಹೋದವರು ಎರಡನೇ ಆಟ ಮುಗಿಸಿ ತಡವಾಗಿ ತಂದರೆ, ಅಂಗಡಿ ಮುಚ್ಚಿದ್ದರೂ ಮನೆಯ ಜಗಲಿಗೆ ಸೈಕಲ್ ಒರಗಿಸಿ ಹೋಗುತ್ತಿದ್ದರಂತೆ. ಬೆಳಿಗ್ಗೆ ಬಂದು ಲೆಕ್ಕ ಚುಕ್ತಾ ಮಾಡುತ್ತಿದ್ದರಂತೆ.

ಬೇಸಿಗೆ ರಜೆ ಬಂತೆಂದರೆ ಚಿಕ್ಕ ಸೈಕಲ್ಲುಗಳಿಗೆ ಸರತಿ. ಅವು ಸಿಗದ ಹುಡುಗರು ದೊಡ್ಡ ಸೈಕಲ್ಲಿಗೇ ಒಳಪೆಡ್ಲು ಹಾಕುತ್ತಿದ್ದರು. ಬಾರಿನ ಕೆಳಗೆ ಕಾಲು ತೂರಿಸಿ, ಮೈಯೆಲ್ಲ ಒಂದು ಕಡೆಗೆ ವಾಲಿಸಿ, ಅರ್ಧ ಸುತ್ತು ತುಳಿಯುತ್ತಾ ಸಾಗುವುದು. ಅಲ್ಲಿಂದ ಬಾರಿನ ಮೇಲೆ, ಬಾರಿನಿಂದ ಸೀಟಿನ ಮೇಲೆ. ಬಿದ್ದು ಹ್ಯಾಂಡಲ್ ತಿರುಚಿಕೊಂಡರೆ ಮುಂದಿನ ಚಕ್ರವನ್ನು ಎರಡು ಮಂಡಿಗಳ ನಡುವೆ ಅಮುಕಿ ಸರಿಮಾಡಿ, ಏನೂ ಆಗದವರಂತೆ ತಂದು ನಿಲ್ಲಿಸುತ್ತಿದ್ದರು. ತಂದೆಯವರು ಕಂಡೂ ಕಾಣದಂತೆ ಇರುತ್ತಿದ್ದರು ಎನ್ನುವಾಗ ಮೇಸ್ತ್ರಿಯ ಮುಖ ಅರಳುತ್ತದೆ. ಮಂಡಿ ತರಚಿಕೊಂಡ ಹುಡುಗನನ್ನು ಬೈದು ಕಳಿಸಿದರೆ ಅವನು ಮತ್ತೆ ಬರುವುದಿಲ್ಲ, ಸೈಕಲ್ಲನ್ನೂ ಕಲಿಯುವುದಿಲ್ಲ ಎಂಬುದು ಆ ಹಿರಿಯರ ಲೆಕ್ಕಾಚಾರ. ಇಂದಿನ ಯಾವ ಅಭಿಯಾನಕ್ಕೂ ಈ ಮಾತನ್ನು ಮೊದಲ ಪಾಠವಾಗಿ ಇಡಬಹುದು.

ರಾತ್ರಿ ದೀಪವಿಲ್ಲದೆ ಹೋದರೆ, ಡಬಲ್ ರೈಡ್ ಮಾಡಿದರೆ ಪೊಲೀಸರು ಹಿಡಿಯುತ್ತಿದ್ದ ದಿನಗಳು ಅವು. ಪುರಸಭೆಗೆ ತೆರಿಗೆ ಕಟ್ಟಿ ಸೈಕಲ್ಲಿಗೆ ಬಿಲ್ಲೆ ಹಾಕಿಸಬೇಕಿತ್ತು. ಸೈಕಲ್ಲನ್ನು ರಸ್ತೆಯ ಪೂರ್ಣ ಹಕ್ಕಿನ ವಾಹನವೆಂದು ಊರು ಎಣಿಸುತ್ತಿತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಪಾಳಿ ಬಿಡುವ ಹೊತ್ತಿಗೆ ಬೀದಿ ತುಂಬ ಸೈಕಲ್ ಇರುತ್ತಿದ್ದವು ಎಂದು ಮೇಸ್ತ್ರಿ ನೆನೆಯುತ್ತಾರೆ. ಮೋಟರ್‌ಸೈಕಲ್ ಕಟ್ಟುತ್ತಿದ್ದ ಕೈಗಳು ಮನೆಗೆ ಹಿಡಿದು ಹೋಗುತ್ತಿದ್ದದ್ದು ಸೈಕಲ್ ಹ್ಯಾಂಡಲ್ಲನ್ನು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು.

ಮೈಸೂರು ಸೈಕಲ್ಲಿಗೆ ಒಗ್ಗಿದ್ದರ ಹಿಂದೆ ಊರು ಕಟ್ಟಿದವರ ಪಾಲೂ ಇದೆ. ನಗರಾಭಿವೃದ್ಧಿಗೆಂದೇ ಒಂದು ಟ್ರಸ್ಟ್ ಬೋರ್ಡ್ ಇಲ್ಲಿ 1903ರಲ್ಲೇ ಹುಟ್ಟಿತು. ಅಗಲ ರಸ್ತೆ, ಸಾಲುಮರ, ನಡುನಡುವೆ ಉದ್ಯಾನ ಇಟ್ಟು ಬಡಾವಣೆಗಳನ್ನು ಬೆಳೆಸಿದರು. ಮನೆ, ಶಾಲೆ, ಮಾರುಕಟ್ಟೆ, ಕಚೇರಿಗಳ ನಡುವೆ ಒಂದು ಸೈಕಲ್ ಸವಾರಿಯಷ್ಟೇ ದೂರ. ಚಾಮುಂಡಿ ಬೆಟ್ಟವೊಂದನ್ನು ಬಿಟ್ಟರೆ ಉಸಿರು ಕಟ್ಟಿಸುವ ಏರು ಹಳೆಯ ಊರಿನೊಳಗೆ ಕಡಿಮೆ.

ಈ ನೆಲದಲ್ಲೇ 2017ರ ಜೂನ್‌ನಲ್ಲಿ, ಪರಿಸರ ದಿನದ ಹೊಸ್ತಿಲಲ್ಲಿ, ಸಾರ್ವಜನಿಕ ಸೈಕಲ್ ಬಾಡಿಗೆಯ ‘ಟ್ರಿಣ್ ಟ್ರಿಣ್’ ಶುರುವಾಯಿತು. ಉದ್ಘಾಟಿಸಿದವರು ಆಗ ಮುಖ್ಯಮಂತ್ರಿಯಾಗಿದ್ದ, ಇದೇ ಜಿಲ್ಲೆಯ ಸಿದ್ದರಾಮಯ್ಯ. ಮಹಾನಗರ ಪಾಲಿಕೆ ಮತ್ತು ನಗರ ಭೂ ಸಾರಿಗೆ ನಿರ್ದೇಶನಾಲಯ ಸೇರಿ ರೂಪಿಸಿದ ಯೋಜನೆಗೆ ಜಾಗತಿಕ ಪರಿಸರ ನಿಧಿಯ ನೆರವಿತ್ತು. 450 ಸೈಕಲ್, ಐವತ್ತರ ಹತ್ತಿರ ನಿಲ್ದಾಣ. ಆರಂಭದಲ್ಲಿ 360 ರೂಪಾಯಿ ಕಟ್ಟಿ ಸದಸ್ಯರಾಗಬೇಕಿತ್ತು, ಅದರಲ್ಲಿ 250 ಮರಳಿ ಸಿಗುವ ಠೇವಣಿ. ಕಾರ್ಡ್ ತೋರಿಸಿದರೆ ಬೀಗ ಬಿಡುತ್ತದೆ, ಬೇಕಾದ ಇನ್ನೊಂದು ನಿಲ್ದಾಣದಲ್ಲಿ ಬಿಟ್ಟು ಹೋಗಬಹುದು. ಬಾಡಿಗೆ ಅಂಗಡಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಅಲ್ಲಿ ಒಯ್ದಲ್ಲಿಗೇ ತರಬೇಕಿತ್ತು. ಇಲ್ಲಿ ತರಬೇಕಿಲ್ಲವಾದ್ದರಿಂದ ಒಂದು ನಿಲ್ದಾಣ ಬರಿದಾಗಿ ಇನ್ನೊಂದು ತುಂಬಿ ತುಳುಕುತ್ತದೆ. ತುಂಬಿದ ಕಡೆಯಿಂದ ಬರಿದಾದ ಕಡೆಗೆ ಸೈಕಲ್ ಸಾಗಿಸುವ ಕೆಲಸ ದಿನವೂ ನಡೆಯುತ್ತಲೇ ಇರಬೇಕು. ಸವಾರರ ಕಣ್ಣಿಗೆ ಬೀಳದ ದುಡಿಮೆ ಅದು.

ಪ್ರವಾಸಿಗರು ಇದನ್ನು ಮೆಚ್ಚಿದರು, ವಿದ್ಯಾರ್ಥಿಗಳು ಹಚ್ಚಿಕೊಂಡರು. ದಿನವಿಡೀ ಬಿಸಿಲಿನಲ್ಲಿ, ಹತ್ತಾರು ಜನರ ಕೈಯಲ್ಲಿ ಓಡಾಡುವ ಸೈಕಲ್ಲಿಗೆ ಮನೆಯ ಸೈಕಲ್ಲಿಗಿಂತ ಬೇಗ ಮುಪ್ಪು ಬರುತ್ತದೆ. ಬ್ರೇಕ್ ಸವೆಯುತ್ತದೆ, ಚೈನು ಜೋಲುತ್ತದೆ. ಹೊಸ ಸೈಕಲ್ ಸೇರಿಸುವ, ಜಾಲ ಹಿಗ್ಗಿಸುವ ಮಾತು ಬಂದಾಗಲೆಲ್ಲ ನನಗೆ ಅನ್ನಿಸುವುದು ಇಷ್ಟು: ಹೊಸದನ್ನು ಕೊಳ್ಳುವುದಕ್ಕೆ ಕೊಟ್ಟಷ್ಟೇ ಮನಸ್ಸನ್ನು ಇರುವುದನ್ನು ಸರಿಯಾಗಿ ಇಡುವುದಕ್ಕೂ ಕೊಡಬೇಕು. ಊರಿನ ಮೂಲೆಮೂಲೆಯಲ್ಲಿ ಮೇಸ್ತ್ರಿಗಳಿದ್ದಾರೆ. ಹತ್ತಿರದ ನಿಲ್ದಾಣದ ಸಣ್ಣಪುಟ್ಟ ರಿಪೇರಿಯನ್ನು ಅವರಿಗೇ ವಹಿಸಿದರೆ ಸೈಕಲ್ಲೂ ಉಳಿಯುತ್ತದೆ, ಅಂಗಡಿಯೂ ಉಳಿಯುತ್ತದೆ.

ಬೆಳಗಿನ ಜಾವದ ಸವಾರರದು ಇನ್ನೊಂದೇ ಲೋಕ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದ ಚಾಮುಂಡಿ ಬೆಟ್ಟವೇ ಅವರ ಗರಡಿ. 2008ರಲ್ಲಿ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಸವಾರಿ ಈ ಸೀಮೆಯ ಹಲವರಿಗೆ ದೂರದ ಹಾದಿಯ ರುಚಿ ಹತ್ತಿಸಿದೆ. ಗೇರಿನ ಸೈಕಲ್, ಹೆಲ್ಮೆಟ್, ಬಿಗಿ ಉಡುಪು ತೊಟ್ಟ ಇವರಿಗೂ, ಹಾಲಿನ ಕ್ಯಾನು ನೇತುಹಾಕಿಕೊಂಡು ಹೋಗುವವರಿಗೂ ಬೇಕಾದದ್ದು ಒಂದೇ: ಹಿಂದಿನಿಂದ ಬರುವ ಕಾರು ಒಂದು ಮೀಟರ್ ದೂರ ಬಿಟ್ಟು ಹೋಗಬೇಕು.

ಬೆಂಗಳೂರಿನಲ್ಲಿ ಈ ಬೇಡಿಕೆಗೆ ಹೆಚ್ಚು ಗಟ್ಟಿ ದನಿ ಸಿಕ್ಕಿದೆ. 2013ರಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯ ಮತ್ತು ನಾಗರಿಕ ಗುಂಪುಗಳು ಸೇರಿ ‘ಸೈಕಲ್ ದಿನ’ ಆರಂಭಿಸಿ ಭಾನುವಾರದ ಬೀದಿಗಳನ್ನು ಮಕ್ಕಳಿಗೆ ಬಿಡಿಸಿಕೊಟ್ಟವು. ನಗರದ ‘ಬೈಸಿಕಲ್ ಮೇಯರ್’ ಎಂದು ಹೆಸರಾದ ಸತ್ಯ ಶಂಕರನ್ 2020ರ ಲಾಕ್‌ಡೌನಿನಲ್ಲಿ ‘ರಿಲೀಫ್ ರೈಡರ್ಸ್’ ತಂಡ ಕಟ್ಟಿದರು. ಮನೆಯಿಂದ ಹೊರಬರಲಾಗದ ಹಿರಿಯರಿಗೆ ಔಷಧಿ, ದಿನಸಿ ಮುಟ್ಟಿಸಲು ಸವಾರರು ಸೈಕಲ್ ಏರಿದರು. ಅದೇ ವರ್ಷ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ತಾತ್ಕಾಲಿಕ ಸೈಕಲ್ ಪಥ ಮಾಡಿದರು, ಮೆಟ್ರೊ ಕಾಮಗಾರಿ ಬಂದಾಗ ಅದು ಜಾಗ ಖಾಲಿ ಮಾಡಬೇಕಾಯಿತು. ನಡೆಯುವವರಿಗೆ, ತುಳಿಯುವವರಿಗೆ ರಸ್ತೆಯಲ್ಲಿ ಹಕ್ಕು ಕೊಡುವ ಮಸೂದೆಯ ಕರಡನ್ನೂ ರಾಜ್ಯದಲ್ಲಿ ಸಿದ್ಧಪಡಿಸಲಾಗಿತ್ತು. ಕರಡು ಬರೆದವರ ಶ್ರಮ ವ್ಯರ್ಥವಾಗಬಾರದು.

ಮೈಸೂರಿನ ಕೊರತೆಯೂ ಪಥದ್ದೇ. ರಸ್ತೆಯ ಅಂಚಿಗೆ ಬಳಿದ ಬಣ್ಣದ ಪಟ್ಟಿಯ ಮೇಲೆ ಕಾರು ನಿಂತರೆ ಸೈಕಲ್ಲಿನವರು ನಡುರಸ್ತೆಗೆ ಹೊರಳಬೇಕು. ಬಣ್ಣ ಯಾರನ್ನೂ ಕಾಯುವುದಿಲ್ಲ, ಕಲ್ಲಿನ ಅಂಚು ಕಾಯುತ್ತದೆ. ಅಂಗಡಿಗಳಿಗೆ ಇದಕ್ಕಿಂತ ಆಳವಾದ ಪೆಟ್ಟು ಬಿದ್ದಿರುವುದು ಶಾಲಾ ಮಕ್ಕಳ ಸೈಕಲ್ ನಿಂತದ್ದರಿಂದ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ತೊಡಗಿದಾಗ, ಶಾಲೆ ಬಿಡಬೇಕಾಗಿದ್ದ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲಿನವರೆಗೆ ತುಳಿದುಕೊಂಡು ಹೋದರು. ಕೊರೊನಾ ಕಾಲದಲ್ಲಿ ವಿತರಣೆ ನಿಂತಿತು. ಆ ಸೈಕಲ್ಲುಗಳ ರಿಪೇರಿಯಿಂದಲೇ ವರ್ಷದ ಒಂದಿಷ್ಟು ತಿಂಗಳು ಅಂಗಡಿ ತುಂಬಿರುತ್ತಿತ್ತು ಎನ್ನುತ್ತಾರೆ ಮೇಸ್ತ್ರಿ. ಅದೇ ಕಾಲಕ್ಕೆ ಇನ್ನೊಂದು ಪೆಟ್ಟೂ ಬಿತ್ತು. 1951ರಲ್ಲಿ ಹುಟ್ಟಿದ ಅಟ್ಲಾಸ್ ಸೈಕಲ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಮುಚ್ಚಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಅಟ್ಲಾಸ್, ಹರ್ಕ್ಯುಲಿಸ್, ರ್‍ಯಾಲಿ ಎಂದು ಬೆರಳು ಮಡಿಸುತ್ತಾ ಹೋಗುವ ಮೇಸ್ತ್ರಿ ಈ ಸುದ್ದಿಯ ಹತ್ತಿರ ಬಂದಾಗ ಮುಂದಿನ ಬೆರಳು ಮಡಿಸಲಿಲ್ಲ.

ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಅದರ ಬಗ್ಗೆ ಅವರಿಗೆ ದುಃಖವಿಲ್ಲ, ಓದಿಸಿದ್ದೇ ತಾವು. ಬೆಂಡ್ ತೆಗೆಯಲು ಕಲಿಯುವವರು ಬರುತ್ತಿಲ್ಲ ಎಂಬುದಷ್ಟೇ ನೋವು. ವಾರಾಂತ್ಯದ ಸವಾರರ ಗುಂಪಿನ ಯುವಕನೊಬ್ಬ ಇತ್ತೀಚೆಗೆ ಬಿಡುವಾದಾಗ ಬಂದು ಪಕ್ಕದಲ್ಲಿ ಕೂರುತ್ತಾನಂತೆ. ಅವನ ಬೆರಳಿಗೆ ದನಿ ಇನ್ನೂ ಸಿಕ್ಕಿಲ್ಲ, ಸಿಗುತ್ತದೆ ಎಂದರು.

ಓದುಗರಲ್ಲಿ ಒಂದು ಕೇಳಿಕೆ. ನಿಮ್ಮ ಮನೆಯ ಮೆಟ್ಟಿಲ ಕೆಳಗೆ ಗಾಳಿ ಇಳಿದ ಸೈಕಲ್ ಒಂದು ನಿಂತಿದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಈ ವಾರ ನಿಮ್ಮ ಬೀದಿಯ ಮೇಸ್ತ್ರಿಯ ಹತ್ತಿರ ತಳ್ಳಿಕೊಂಡು ಹೋಗಿ. ಅವರು ಕೇಳಿದ ಕೂಲಿಗೆ ಚೌಕಾಸಿ ಮಾಡದೆ ಕೊಡಿ, ಬೆಂಡ್ ತೆಗೆಯುವಷ್ಟು ಹೊತ್ತು ಮಕ್ಕಳನ್ನು ಅಲ್ಲೇ ನಿಲ್ಲಿಸಿ ತೋರಿಸಿ. ಇಂಥ ಅಂಗಡಿಗಳು ಇನ್ನು ಬಹಳ ಉಳಿದಿಲ್ಲ.