ಲೆಕ್ಕದ ಆಫೀಸರು ಮತ್ತು ನೀಲಿ ಸಮುದ್ರ

ಕಾಮರ್ಸ್‌ನವನಿಗೆ ಭೌತಶಾಸ್ತ್ರದ ಉಸಾಬರಿ ಯಾಕೆ ಅಂತ ನಗಬೇಡಿ. ಹೈಸ್ಕೂಲಿನಲ್ಲಿ ನನಗೂ ವಿಜ್ಞಾನ ಇಷ್ಟವೇ ಇತ್ತು. ಆದರೆ ಪಾಠ ನಡೆಯುತ್ತಿದ್ದ ರೀತಿ ನಿಮಗೂ ಗೊತ್ತು: ಮೊದಲು ನಿಯಮ, ಆಮೇಲೆ ಸೂತ್ರ, ಕೊನೆಗೆ ಬಾಯಿಪಾಠ. ಪ್ರಯೋಗದ ಪುಸ್ತಕದಲ್ಲಿ ಬರಬೇಕಾದ ಉತ್ತರ ಬರೆದುಕೊಂಡು ಅಳತೆಗಳನ್ನು ಅದಕ್ಕೆ ಹೊಂದಿಸುತ್ತಿದ್ದೆವು. (ಟ್ಯಾಲಿ ಮಾಡುವ ವಿದ್ಯೆ ನನಗೆ ಅಲ್ಲೇ ಬಂದಿತ್ತು ಅನ್ನಿ!) ಒಮ್ಮೆ ಪ್ರಶ್ನೆ ಕೇಳಿದ್ದಕ್ಕೆ, “ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ” ಎಂದರು. ಕೂತೆ. ಆಮೇಲೆ ಕೇಳಲೇ ಇಲ್ಲ.

ಹೋದ ದಸರಾ ರಜೆಯಲ್ಲಿ ಕೋಲ್ಕತ್ತದಲ್ಲಿರುವ ಸೋದರಮಾವನ ಮನೆಗೆ ಹೋದಾಗ ಬೌಬಜಾರಿನ 210ನೇ ನಂಬರಿನ ಜಾಗ ನೋಡಿಬಂದೆ. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ವಿಜ್ಞಾನ ಸಂಘ ಇದ್ದದ್ದು ಅಲ್ಲಿ. ಈಗ ಅಲ್ಲಿರುವುದು ಗೋಯೆಂಕಾ ಕಾಮರ್ಸ್ ಕಾಲೇಜು! 1907ರಲ್ಲಿ ಹಣಕಾಸು ಇಲಾಖೆಯ ಕೆಲಸಕ್ಕೆ ಕಲ್ಕತ್ತಾಕ್ಕೆ ಬಂದ ಸಿ.ವಿ. ರಾಮನ್ ಆಫೀಸಿಗೆ ಮುಂಚೆ, ಆಫೀಸು ಬಿಟ್ಟ ಮೇಲೆ ಈ ಸಂಘದಲ್ಲೇ ಪ್ರಯೋಗ ಮಾಡುತ್ತಿದ್ದರು. 1917ರಲ್ಲಿ ಸಂಬಳ ಕಡಿಮೆಯಾದರೂ ಸರಿ ಎಂದು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

1921ರಲ್ಲಿ ಅವರು ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದರು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಅಷ್ಟೇ ಎಂದು ದೊಡ್ಡ ವಿಜ್ಞಾನಿ ರೇಲೀ ಹೇಳಿಯಾಗಿತ್ತು. ನಾವಾಗಿದ್ದರೆ ಬರೆದುಕೊಂಡು ಅಡಿಗೆರೆ ಎಳೆಯುತ್ತಿದ್ದೆವು. ರಾಮನ್ ಒಂದು ನಿಕೋಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು, ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ತಡೆದು ನೋಡಿದರು. ಪ್ರತಿಬಿಂಬವೇ ಕಾರಣವಾಗಿದ್ದರೆ ನೀಲಿ ಮಾಯವಾಗಬೇಕಿತ್ತು. ಇನ್ನೂ ಗಾಢವಾಗಿ ಕಂಡಿತು! ಅಂದರೆ ನೀರೇ ಬೆಳಕನ್ನು ಚದುರಿಸುತ್ತದೆ. ಆ ಜಾಡು ಹಿಡಿದೇ 1928ರ ಫೆಬ್ರವರಿ 28ರಂದು, ಇದೇ ಬೌಬಜಾರಿನಲ್ಲಿ, ರಾಮನ್ ಪರಿಣಾಮ ಸಿಕ್ಕಿತು.

ಈ ಕ್ರಮವನ್ನೇ ತರಗತಿಗೆ ತರುವುದಕ್ಕೆ ಅನ್ವೇಷಣೆಯ ಕಲಿಕೆ ಅನ್ನುತ್ತಾರೆ. ಮೊದಲು ಪ್ರಶ್ನೆ, ವಿದ್ಯಾರ್ಥಿಯ ಊಹೆ, ಪರೀಕ್ಷೆ, ನಿಯಮ ಕೊನೆಗೆ. ಎಂಟನೇ ತರಗತಿಯ ಮಾವನ ಮಗಳ ಜೊತೆ ನಾನೇ ಮಾಡಿ ನೋಡಿದೆ. ಒಂದು ನಾಣ್ಯ, ಅದಕ್ಕಿಂತ ಚಿಕ್ಕದಾದ ಕಾಗದದ ಚೂರು. ಒಟ್ಟಿಗೆ ಬಿಟ್ಟರೆ ಯಾವುದು ಮೊದಲು? “ನಾಣ್ಯ. ಭಾರ ಅಲ್ವಾ ಭಾವ?” ಹಾಗೇ ಆಯಿತು. ಚೂರನ್ನು ನಾಣ್ಯದ ಮೇಲಿಟ್ಟು ಬಿಟ್ಟರೆ? “ಕಾಗದ ಹಿಂದೆ ಉಳಿಯುತ್ತೆ.” ಎರಡೂ ಒಟ್ಟಿಗೆ ಬಿದ್ದವು. ಅಂಟಿಕೊಂಡಿರಬೇಕು ಅಂದಳು. ಅದೇ ಚೂರನ್ನು ಉಂಡೆ ಮಾಡಿ ನಾಣ್ಯದ ಪಕ್ಕದಲ್ಲಿ ಬಿಡಲು ಹೇಳಿದೆ. ಹೆಚ್ಚುಕಡಿಮೆ ಜೊತೆಗೇ ಬಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಭಾರ ಅಷ್ಟೇ ಇದೆ... ಹಾಗಾದ್ರೆ ಗಾಳಿ!” ಎಂದಳು.

ಇಷ್ಟಕ್ಕೆ ಅರ್ಧ ಗಂಟೆ ಹಿಡಿಯಿತು. ಪೋರ್ಷನ್ ಮುಗಿಯುವುದು ಹೇಗೆ ಅಂತ ಮೇಷ್ಟರು ಕೇಳಿದರೆ ತಪ್ಪಲ್ಲ. ಎಲ್ಲವನ್ನೂ ಮಕ್ಕಳೇ ಕಂಡುಹಿಡಿಯಲಿ ಅನ್ನುವುದೂ ಆಗದ ಮಾತು; ರಾಮನ್ ಕೂಡ ರೇಲೀ ಹೇಳಿದ್ದನ್ನು ಓದಿಕೊಂಡೇ ಅನುಮಾನಪಟ್ಟದ್ದು. ಆದರೆ ವಾರಕ್ಕೆ ಒಂದು ಪೀರಿಯಡ್ಡಾದರೂ ಹೀಗೆ ಕೊಡಬಹುದಿತ್ತು.

ರೈಲು ಹತ್ತಿಸಲು ಹೌರಾಕ್ಕೆ ಬಂದವಳು ಕಿಟಕಿಯಲ್ಲಿ ಕೇಳಿದಳು: “ಭಾವ, ಗಾಳಿಯೇ ಇಲ್ಲದಿದ್ರೆ?” ನಾನು ಉತ್ತರ ಹೇಳಲಿಲ್ಲ. “ನಿನ್ನ ಊಹೆ ಏನು?” ಅಂದೆ.